ಒಂದರ ಹಿಂದೆ ನಾಲ್ಕು

ನನ್ನ ಭಾವನಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಅವರ ಕಂಪೆನಿಗೆ ಗೊತ್ತು ಮಾಡಿಸಿದವನು ನಾನು. ಅರ್ಜಿ ಬರೆದದ್ದಲ್ಲ, ಫೋನು ಮಾಡಿದ್ದೂ ಅಲ್ಲ. ಅಲ್ ಕುಸೈಸಿನ ಅಕ್ಕನ ಮನೆಯ ಸೋಫಾದಲ್ಲಿ ಕುಳಿತು, ಅಕ್ಕ ಕರಿದ ಗೋಳಿಬಜೆ ತಿನ್ನುತ್ತ, ಒಂದು ಪ್ರಶ್ನೆ ಕೇಳಿದೆ, ಅಷ್ಟೆ. ಆ ಒಂದು ಪ್ರಶ್ನೆಗೆ ಭಾವನ ಇಪ್ಪತ್ತಾರು ವರ್ಷದ ಕೆಲಸ ಹೋಯಿತು, ಅಕ್ಕನ ಸಂಸಾರ ದುಬೈಯಿಂದ ಎದ್ದುಹೋಯಿತು, ಹನ್ನೆರಡನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳ ಒಂದು ವರ್ಷ ಮಣ್ಣುಪಾಲಾಯಿತು. ಬೇಕೆಂದೇ ಕೇಳಿದ್ದಾ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೌದು, ಬೇಕೆಂದೇ.

ಭಾವ ಉಡುಪಿ ಕಡೆಯವರು, ನಾವೂ ಅಲ್ಲಿಯವರೇ. ಮದೀನತ್ ಜಾಯೆದ್ ದಾಟಿ ಮರಳಿನ ಒಳಗೆ ಒಂದು ಗ್ಯಾಸ್ ಪ್ಲಾಂಟಿನಲ್ಲಿ ಅವರು ಕಂಪ್ರೆಸರ್ ನೋಡಿಕೊಳ್ಳುವ ಟೆಕ್ನೀಶಿಯನ್. ವಾರವಿಡೀ ಕ್ಯಾಂಪಿನಲ್ಲಿದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಿದ್ದರು. ಮಾತು ಕಡಿಮೆ, ಊಟದಲ್ಲಿ ತಕರಾರಿಲ್ಲ, ಕುಡಿತವಿಲ್ಲ. ಅವರಿಗಿದ್ದ ಒಂದೇ ಮದವೆಂದರೆ ಸಂಗೀತ. ಅದೂ ಇಂಗ್ಲಿಷರ ಹಳೆಯ ರಾಕ್. ಯೌವನದಲ್ಲಿ ಬೊಂಬಾಯಿಯಲ್ಲಿ ಕೆಲಸಕ್ಕಿದ್ದಾಗ ಫುಟ್‌ಪಾತಿನಿಂದ ಎತ್ತಿಕೊಂಡು ಬಂದ ಒಂದು ಜೋಡಿ ರೆಕಾರ್ಡು ಅವರ ಪಾಲಿಗೆ ದೇವರ ಕೋಣೆಯ ವಸ್ತುವಾಗಿತ್ತು.

ಅದು ಹಾಡುಗಳ ಕಂತೆಯಲ್ಲ, ಒಂದೇ ಕತೆ. ಎರಡು ಪ್ಲೇಟು, ನಾಲ್ಕು ಬದಿ. ಒಬ್ಬ ಮುದಿ ಅಂಚೆಯವ ತನ್ನ ಚೀಲದಲ್ಲಿ ಉಳಿದ ಕೊನೆಯ ಕಾಗದ ಹಿಡಿದು ಊರು ಬಿಡುವುದು ಮೊದಲ ಬದಿ. ಹಿಮದಲ್ಲಿ ಒಬ್ಬನೇ ನಡೆಯುವುದು ಎರಡನೆಯದು, ಅದರಲ್ಲಿ ಒಂದು ಕೊಳಲು ಬಿಟ್ಟರೆ ಬೇರೇನೂ ಇಲ್ಲ. ಮೂರನೆಯದರಲ್ಲಿ ಯಾರದೋ ಮದುವೆ ಮನೆಗೆ ಹೊಕ್ಕು ಉಗಿಸಿಕೊಳ್ಳುತ್ತಾನೆ. ಹತ್ತಾರು ಪಿಟೀಲು, ಸಣ್ಣ ಗಂಟೆಗಳು, ಕಿರಿಚಿ ಹಾಡುವ ಹುಡುಗಿಯರ ಕೋರಸ್ಸು. ನಾಲ್ಕನೆಯದರಲ್ಲಿ ಕಾಗದ ಒಡೆದು ಓದುತ್ತಾನೆ. ಇಷ್ಟೂ ನನಗೆ ಗೊತ್ತಿರುವುದು ಕೇಳಿ ಅಲ್ಲ, ಭಾವ ಪ್ರತಿ ಬದಿಗೆ ಮೊದಲು ಹರಿಕತೆಯಂತೆ ಹೇಳುತ್ತಿದ್ದದ್ದರಿಂದ.

ಹದಿನೇಳು ವರ್ಷದ ಹಿಂದೆ ವಿಸಿಟ್ ವೀಸಾದಲ್ಲಿ ಬಂದು ನಾನು ಅವರ ಮನೆಯ ಹಾಲಿನಲ್ಲಿ ಮಲಗುತ್ತಿದ್ದೆ. ಒಂದು ಬೆಳಿಗ್ಗೆ ನನ್ನ ಸಿನಿಮಾ ಹಾಡಿನ ಸಿ.ಡಿ. ಹಾಕಿಕೊಂಡು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಭಾವ ಬಂದು ಆಫ್ ಮಾಡಿದರು. ಸಿಟ್ಟಿನಿಂದಲ್ಲ, ನಗುತ್ತಲೇ.

"ನಿಂದು ತಗಡು ಕಿವಿ ಮಾರಾಯ. ಎಂತ ಬಿದ್ರೂ ಒಂದೇ ಶಬ್ದ."

ಅಕ್ಕ ನಕ್ಕಳು. ಆಗಷ್ಟೇ ಕೂರಲು ಕಲಿತ ಮಗುವೂ ನಕ್ಕಿತು. ಅವತ್ತಿನಿಂದ ಅದೇ ನನ್ನ ಹೆಸರಾಯಿತು. ನನಗೆ ಕಾರ್ಗೋ ಕಂಪೆನಿಯಲ್ಲಿ ಕೆಲಸ ಸಿಕ್ಕಿ, ಕರಾಮದಲ್ಲಿ ಬೇರೆ ಮನೆ ಮಾಡಿ, ಮದುವೆಯಾಗಿ, ತಲೆ ಬೋಳಾಗುವವರೆಗೂ ನಾನು ತಗಡು ಕಿವಿಯೇ. ಹೊಸಬರು ಯಾರು ಬಂದರೂ, "ಇವ ನನ್ನ ಹೆಂಡತಿಯ ತಮ್ಮ, ಮನುಷ್ಯ ಒಳ್ಳೆಯವ, ಕಿವಿ ಮಾತ್ರ ತಗಡು" ಎಂದೇ ಪರಿಚಯ. ಹಲ್ಲು ಕಿರಿಯುತ್ತ ನಿಲ್ಲುತ್ತಿದ್ದೆ. ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೂ ಹೋಗುವುದು ಬಿಡಲಿಲ್ಲ, ಅಕ್ಕನ ಮಗಳಿಗಾಗಿ. ನಮ್ಮ ಕಡೆ ಸೋದರಮಾವ ನಿಂತರೇ ಹುಡುಗಿಗೆ ಧಾರೆ. ಅವಳು ಹುಟ್ಟಿದಾಗ ಅಕ್ಕ ಆಸ್ಪತ್ರೆಯಿಂದ ಊರಿಗೆ ಫೋನು ಮಾಡಿ ಮೊದಲು ಹೇಳಿದ್ದೇ ಅದನ್ನು. "ನಾಳೆ ಇವಳಿಗೆ ಧಾರೆಗೆ ನಿಲ್ಲುವವ ನೀನೇ, ಬೇಗ ದುಬೈಗೆ ಬಾ." ಆ ಮಾತನ್ನು ನಾನು ಆಸ್ತಿಯಂತೆ ಇಟ್ಟುಕೊಂಡಿದ್ದೆ. ಅವಳು ನನಗೆ ಮಾಮ ಎನ್ನುವ ಒಂದು ಶಬ್ದ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು. ಅಡ್ಡಿಯಿಲ್ಲ ಅಂದುಕೊಳ್ಳುತ್ತಿದ್ದೆ.

ಆ ರೆಕಾರ್ಡು ಹಾಳಾದದ್ದು ಒಂದು ಜುಲೈಯಲ್ಲಿ. ಎಲ್ಲರೂ ಊರಿಗೆ ಹೋಗಿದ್ದಾಗ ಮನೆಯ ಎ.ಸಿ. ಕೆಟ್ಟು, ಬೀಗ ಹಾಕಿದ ಮನೆ ಕಾದು, ಎರಡೂ ಪ್ಲೇಟು ಕರಿದ ಹಪ್ಪಳದ ಹಾಗೆ ಸೊಟ್ಟಗಾದವು. ಭಾವ ಅವುಗಳನ್ನು ಎಸೆಯಲಿಲ್ಲ. ಬೇರೆ ರೆಕಾರ್ಡುಗಳನ್ನು ಹಾಕುವುದೂ ಕ್ರಮೇಣ ಕಡಿಮೆಯಾಯಿತು. ಅದರ ನಂತರ ಐದಾರು ವರ್ಷದಲ್ಲಿ ಮನುಷ್ಯನೇ ಬದಲಾದರು. ಫೋನು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಬರೆಯಬೇಕು. ಟೀವಿಯ ಕೆಳಗೆ ಅಕ್ಷರ ಓಡಲೇಬೇಕು. ಒಮ್ಮೆ ಮೆಟ್ರೋ ಸ್ಟೇಶನ್ನಿನಲ್ಲಿ ಹಿಂದಿನಿಂದ "ಭಾವ, ಓ ಭಾವ" ಎಂದು ಗಂಟಲು ಹರಿಯುವಂತೆ ಕರೆದೆ. ತಿರುಗಿಯೂ ನೋಡದೆ ಎಸ್ಕಲೇಟರ್ ಹತ್ತಿದರು. ನನ್ನ ಜೊತೆಗಿದ್ದ ಆಫೀಸಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಹಂಕಾರ ನೋಡು ಇವರದ್ದು ಎಂದು ಅವತ್ತು ಎರಡು ಹೊತ್ತು ಊಟ ಸೇರಲಿಲ್ಲ ನನಗೆ.

ಈ ಚಳಿಗಾಲಕ್ಕೆ ಸರಿಯಾಗಿ ಆ ರೆಕಾರ್ಡು ಹೊಸದಾಗಿ ಮರುಮುದ್ರಣವಾಗಿ ಬಂತು. ತಿಂಗಳ ಮೊದಲೇ ಭಾವ ಕರಾಮದ ಒಂದು ಅಂಗಡಿಯಲ್ಲಿ ಹೇಳಿಟ್ಟಿದ್ದರು. ಅಂಗಡಿಯವರು ಮಂಗಳೂರಿನ ಬ್ಯಾರಿ, ನನ್ನ ಮನೆಯಿಂದ ಎರಡು ಕಟ್ಟಡ ಆಚೆ. ಪಾರ್ಸೆಲ್ ಬಂದಿದೆ, ತಂದುಕೊಡು ಎಂದು ಭಾವ ನನಗೇ ಬರೆದರು. ಹೋದೆ. ಅಂಗಡಿಯವರು ಅದನ್ನು ಮಗುವನ್ನು ಎತ್ತಿಕೊಡುವ ಹಾಗೆ ಕೊಟ್ಟರು.

"ನಿಮ್ಮ ಭಾವನಿಗೆ ಒಂದು ಹೇಳಿ ಆಯ್ತಾ. ಹಳೇದು ಚೇಂಜರ್ ಮಿಷಿನ್‌ಗೆ ಮಾಡಿದ್ದು. ಪ್ಲೇಟು ಮಗುಚಿದ್ರೆ ಒಂದರ ಹಿಂದೆ ನಾಲ್ಕು, ಎರಡರ ಹಿಂದೆ ಮೂರು. ಒಂದು ಬದಿ ಮುಗಿದ ಕೂಡ್ಲೆ ಇನ್ನೊಂದು ಪ್ಲೇಟು ತಾನೇ ಮೇಲೆ ಬೀಳ್ತಿತ್ತಲ್ಲ ಆಗ, ಅದಕ್ಕೆ ಹಾಗೆ. ಹೊಸದ್ರಲ್ಲಿ ಸೀದಾ ಉಂಟು, ಒಂದರ ಹಿಂದೆ ಎರಡೇ. ಅವರು ಹಳೇ ಅಭ್ಯಾಸದಲ್ಲಿ ಹಾಕಿದ್ರೆ ಕತೆ ಎಲ್ಲ ಚಿತ್ರಾನ್ನ ಆಗ್ತದೆ."

ಅಂಗಡಿಯವರು ಬೆರಳಿಟ್ಟು ತೋರಿಸಿದರು. ಹಳೆಯದರ ಹಾಗೆಯೇ ಒಂದು ಪ್ಲೇಟಿನ ನಡುವೆ ಕೆಂಪು ಅಂಚೆಚೀಟಿ, ಇನ್ನೊಂದರ ನಡುವೆ ನೀಲಿ. ಬದಿಯ ಸಂಖ್ಯೆ ಮಾತ್ರ ಇರುವೆ ಕಾಲಿನಷ್ಟು ಸಣ್ಣದು. ಕನ್ನಡಕವಿಲ್ಲದೆ ಭಾವನಿಗೆ ಕಾಣುವುದಿಲ್ಲ, ರೆಕಾರ್ಡು ಹಾಕುವಾಗ ಅವರು ಕನ್ನಡಕ ಹಾಕುವುದೂ ಇಲ್ಲ. ಅವರ ಕೈಗೆ ಗೊತ್ತು, ಕೆಂಪು ಮುಗಿದರೆ ನೀಲಿ.

ಖಂಡಿತ ಹೇಳ್ತೇನೆ ಎಂದೆ. ಹೇಳಲಿಲ್ಲ. ಆಗ ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ. ದೊಡ್ಡ ಪಂಡಿತ ನಾಲ್ಕು ಜನರೆದುರು ಹಿಮ ಬೀಳುತ್ತದೆ ಎಂದು ಹೇಳಿ ಮದುವೆ ಮನೆಯ ಕಿರುಚಾಟ ಹಾಕಬೇಕು, ಬೆಚ್ಚಿಬಿದ್ದು ಸೂಜಿ ಎತ್ತಬೇಕು, ನಾನು ಒಂದೇ ಒಂದು ಸಲ "ತಗಡು ಕಿವಿ ಯಾರದು ಭಾವ?" ಎನ್ನಬೇಕು. ಹದಿನೇಳು ವರ್ಷಕ್ಕೆ ಒಂದು ಸಲ. ಅದು ಹೆಚ್ಚಾಯಿತಾ?

ಶನಿವಾರ ಸಂಜೆ ನಾಲ್ಕಕ್ಕೆ ಕರೆದಿದ್ದರು. ಹೊರಗಿನವರು ಒಬ್ಬರೇ, ಭಾವನ ಪ್ಲಾಂಟಿನ ಸೇಫ್ಟಿ ಆಫೀಸರ್. ಕಣ್ಣೂರಿನವರು, ಸಭ್ಯ ಮನುಷ್ಯ. ಈ ರೆಕಾರ್ಡಿನ ಹುಚ್ಚು ಅವರಿಗೂ ಇತ್ತಂತೆ. ಹೊಸದು ಬರುವ ಸುದ್ದಿ ಕ್ಯಾಂಪಿನ ಮೆಸ್ಸಿನಲ್ಲಿ ಎದ್ದಾಗ ತಾವೇ ಬರುತ್ತೇನೆ ಎಂದಿದ್ದರು, ಭಾವನಿಗೆ ಬೇಡ ಅನ್ನಲು ಆಗಿರಲಿಲ್ಲ. ಅಕ್ಕನ ಮುಖ ಬಾಗಿಲು ತೆಗೆದಾಗಲೇ ಬಿಳಚಿಕೊಂಡಿತ್ತು. ಎಣ್ಣೆ ಮುಂದೆ ನಿಂತು ಸುಸ್ತಾಗಿರಬೇಕು ಎಂದುಕೊಂಡೆ.

ಹಳೆಯ ಕ್ರಮವೇ. ಎಲ್ಲರ ಫೋನೂ ಹರಿವಾಣದಲ್ಲಿ. ಭಾವ ಕೈ ತೊಳೆದು ಒರೆಸಿಕೊಂಡು, ಪ್ಲೇಟಿನ ಅಂಚು ಮಾತ್ರ ಹಿಡಿದು, ಬ್ರಶ್ಶಿನಿಂದ ಧೂಳು ತೆಗೆದು, ಸೂಜಿ ಇಳಿಸಿದರು. ಒಂದನೇ ಬದಿ ಸರಿಯಾಗಿಯೇ ಹೋಯಿತು. ಅಂಚೆಯವ ಊರು ಬಿಟ್ಟ. ಭಾವ ಸೂಜಿಯ ಮೇಲೆ ಕಣ್ಣಿಟ್ಟಿದ್ದರು, ಅದು ಒಳಗೆ ಸರಿದು ನಿಂತಾಗ ಎದ್ದರು. ಕೆಂಪು ಪ್ಲೇಟು ತೆಗೆದರು. ಮಗುಚಬೇಕಿತ್ತು. ಮಗುಚಲಿಲ್ಲ, ಕವರಿಗೆ ಸೇರಿಸಿ ನೀಲಿಯನ್ನು ಇಟ್ಟರು. ನನ್ನ ಬಾಯಿಯಲ್ಲಿ ಗೋಳಿಬಜೆ, ನಗು ತಡೆಯುವುದೇ ಕಷ್ಟ.

ಪಿಟೀಲುಗಳು ಒಟ್ಟಿಗೆ ಎದ್ದವು. ಗಂಟೆಗಳು, ಆಮೇಲೆ ಹುಡುಗಿಯರು. ಕಿವಿಗೆ ಸೂಜಿ ಚುಚ್ಚುವಂಥ ಕೋರಸ್ಸು, ಕಿಟಕಿಯ ಗಾಜು ಅದುರಬೇಕು. ಭಾವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮುಖದಲ್ಲಿ ಶಾಂತಿ. ಒಂದು ಬೆರಳನ್ನು ತುಟಿಗಿಟ್ಟು ಮೆಲ್ಲಗೆ ಹಿಂದಿಯಲ್ಲಿ ಹೇಳಿದರು.

"ಶ್... ಈಗ ಯಾರೂ ಮಾತಾಡ್ಬೇಡಿ. ಹಿಮ. ನಮ್ಮ ಉಸಿರಿನ ಸದ್ದೂ ಜಾಸ್ತಿಯಾಗ್ತದೆ."

ಆಫೀಸರ್ ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ. ಚಾದ ಟ್ರೇ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಆಫೀಸರ್ ಮೇಲೇ ಇತ್ತು. ಮೆಟ್ರೋ, ಫೋನು, ಟೀವಿಯ ಅಕ್ಷರ, ಯಾವಾಗಲೂ ಭಾವನ ಎದುರೇ ಕೂತು ಬಾಯಿ ಅಗಲಿಸಿ ಮಾತಾಡುವ ಅಕ್ಕ, ಎಲ್ಲ ಒಂದೇ ಉಸಿರಿನಲ್ಲಿ ನನಗೆ ಅರ್ಥವಾಯಿತು. ಅವರಿಗೆ ಕೇಳುವುದಿಲ್ಲ. ಎಷ್ಟೋ ವರ್ಷದಿಂದ ಕೇಳುವುದಿಲ್ಲ. ಕಂಪ್ರೆಸರಿನ ಮಗ್ಗುಲಲ್ಲಿ ಬದುಕಿದ ಕಿವಿ ಮೊದಲು ಕಳೆದುಕೊಳ್ಳುವುದೇ ಇಂಥ ಸಣ್ಣ, ಎತ್ತರದ ಸ್ವರಗಳನ್ನಂತೆ. ಅದನ್ನು ಆಮೇಲೆ ತಿಳಿದೆ. ಎದುರು ಕೂತಿರುವವರು ಯಾರೆಂದು ಮಾತ್ರ ಆಗಲೇ ಗೊತ್ತಿತ್ತು. ಸೈಟಿನಲ್ಲಿ ಯಾರಿರಬೇಕು, ಯಾರಿರಬಾರದು ಎಂದು ನಿರ್ಧರಿಸುವ ಮನುಷ್ಯ.

ಅಕ್ಕ ನನ್ನತ್ತ ನೋಡಿ ತಲೆ ಅಲ್ಲಾಡಿಸಿದಳು. ಬೇಡ. ಅಷ್ಟೇ. ನಾನು ಎದ್ದು "ಭಾವ, ಪ್ಲೇಟು ಅದಲುಬದಲಾಯ್ತು" ಎಂದು ನಕ್ಕು ಸೂಜಿ ಎತ್ತಿದ್ದರೆ ಮುಗಿಯುತ್ತಿತ್ತು. ಭಾವ ತಮಾಷೆ ಮಾಡಿದರು ಎಂದುಕೊಳ್ಳುತ್ತಿದ್ದರು ಆಫೀಸರ್. ಅಷ್ಟು ಸುಲಭ ಇತ್ತು.

ನಾನು ಮುಂದಕ್ಕೆ ಬಾಗಿ ಭಾವನ ಮೊಣಕಾಲು ತಟ್ಟಿದೆ. ಕಣ್ಣು ತೆರೆದರು. ನನ್ನ ತುಟಿ ಸರಿಯಾಗಿ ಕಾಣುವ ಹಾಗೆ ಮುಖ ಎದುರಿಟ್ಟು, ಆಫೀಸರಿಗೂ ಅರ್ಥವಾಗಲಿ ಎಂದು ಹಿಂದಿಯಲ್ಲಿ ಕೇಳಿದೆ.

"ಭಾವ, ಈಗ ಏನು ಕೇಳ್ತಾ ಇದೆ? ಸಾಹೇಬರಿಗೆ ಸ್ವಲ್ಪ ಬಿಡಿಸಿ ಹೇಳಿ."

ಎಷ್ಟು ಖುಷಿಯಾಯಿತು ಅವರಿಗೆ! ತಗಡು ಕಿವಿಯವ ಕೊನೆಗೂ ಆಸಕ್ತಿ ತೋರಿಸಿದನಲ್ಲ. ಮತ್ತೆ ಕಣ್ಣು ಮುಚ್ಚಿ ಶುರುಮಾಡಿದರು. ಕೊಳಲು ಒಂದೇ ಇದೆ, ಅದೂ ದೂರದಲ್ಲಿ. ಅಂಚೆಯವನ ಹೆಜ್ಜೆ ಹಿಮದಲ್ಲಿ ಹೂತು ಹೋಗುತ್ತದೆ. ಈಗ ಒಂದು ಹಕ್ಕಿ ಬರುತ್ತದೆ, ತಾಳಿ, ಇಗೋ ಈಗ. ಬೆರಳೆತ್ತಿ ಹಕ್ಕಿಯನ್ನು ತೋರಿಸಿದರು. ಅಲ್ಲಿ ನಲವತ್ತು ಹುಡುಗಿಯರು ಒಟ್ಟಿಗೆ ಕಿರುಚುತ್ತಿದ್ದರು. ಆಫೀಸರ್ ನೆಲ ನೋಡುತ್ತ ಕೂತಿದ್ದರು. ನನಗೆ ನಗು ಬಂತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ನಗು ಬಂತು.

ಒಳಗಿನ ಕೋಣೆಯಿಂದ ಅಕ್ಕನ ಮಗಳು ಪೆನ್ನು ಹಿಡಿದುಕೊಂಡೇ ಓಡಿ ಬಂದಳು. ಅವಳಿಗೂ ಆ ರೆಕಾರ್ಡು ಬಾಯಿಪಾಠ, ಗೋಡೆಯಾಚೆಯಿಂದಲೇ ಗೊತ್ತಾಗಿರಬೇಕು. "ಅಪ್ಪಾ!" ಎಂದು ಕೂಗಿದಳು. ಅಪ್ಪ ತಿರುಗಲಿಲ್ಲ. ಅವಳು ಸೀದಾ ಹೋಗಿ ಸೂಜಿ ಎತ್ತಿದಳು.

ಮನೆ ಮೌನವಾಯಿತು. ಭಾವನ ಕಣ್ಣು ಮುಚ್ಚಿಯೇ ಇತ್ತು. ಬೆರಳು ಗಾಳಿಯಲ್ಲಿ ಕೊಳಲಿನ ಜೊತೆ ಮೆಲ್ಲಗೆ ಏರುತ್ತ ಇಳಿಯುತ್ತ ಇತ್ತು. ಸದ್ದೇ ಇಲ್ಲದ ಆ ಕೋಣೆಯಲ್ಲಿ ಅವರು ಇನ್ನೂ ಹಿಮದಲ್ಲಿ ನಡೆಯುತ್ತಿದ್ದರು. "ಆಹಾ" ಎಂದರು ಒಮ್ಮೆ. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಕಣ್ಣು ಬಿಟ್ಟು ಸೂಜಿ ನೋಡಿದರು, ಅದು ತನ್ನ ಜಾಗದಲ್ಲಿ ಮಲಗಿತ್ತು. ಮಗಳನ್ನು ನೋಡಿದರು, ಆಫೀಸರನ್ನು ನೋಡಿದರು, ಕೊನೆಗೆ ನನ್ನನ್ನು. ನನ್ನ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ.

ಆಫೀಸರ್ ಚಾ ಕುಡಿಯಲಿಲ್ಲ. ಲಿಫ್ಟಿನವರೆಗೆ ನಾನೇ ಹೋದೆ. "ಇದನ್ನು ನಾನು ನೋಡಬಾರದಿತ್ತು," ಎಂದರು ಹಿಂದಿಯಲ್ಲಿ. "ನೋಡಿದ ಮೇಲೆ ಸುಮ್ಮನಿರುವ ಕೆಲಸ ನನ್ನದಲ್ಲ. ಅಲ್ಲಿ ಗ್ಯಾಸ್ ಅಲಾರಾಂ ಹೊಡೆದರೆ ಏನು ಗತಿ?" ಲಿಫ್ಟಿನ ಬಾಗಿಲು ಮುಚ್ಚಿತು. ನಾನು ವಾಪಸು ಹೋಗಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಮಂಗಳವಾರ ಭಾವನನ್ನು ಕಿವಿಯ ಮರುಪರೀಕ್ಷೆಗೆ ಕಳಿಸಿದರು. ಅಷ್ಟು ವರ್ಷ ವಾರ್ಷಿಕ ಮೆಡಿಕಲ್ ಹೇಗೆ ಪಾಸಾಗುತ್ತಿದ್ದರೆಂದರೆ, ಗಾಜಿನ ಗೂಡಿನೊಳಗೆ ಕೂತು, ಹೊರಗೆ ಸದ್ದಿನ ಗುಂಡಿ ಒತ್ತುವವನ ಭುಜ ಅಲುಗುವುದನ್ನು ನೋಡಿಕೊಂಡು ಕೈ ಎತ್ತುತ್ತಿದ್ದರಂತೆ. ಈ ಸಲ ಬೆನ್ನು ತಿರುಗಿಸಿ ಕೂರಿಸಿದರು. ಖಲಾಸ್. ಸೈಟಿಗೆ ಅನರ್ಹ, ವೀಸಾ ಕ್ಯಾನ್ಸಲ್.

ನಾನು ಅಕ್ಕನಿಗೆ ಫೋನು ಮಾಡಿದೆ. ಹೇಳಬೇಕಾದದ್ದನ್ನು ನಾಲ್ಕು ದಿನದಿಂದ ಒಳಗೇ ಗಟ್ಟಿ ಮಾಡಿಕೊಂಡಿದ್ದೆ. "ನೋಡಕ್ಕ, ನನ್ನಿಂದ ತಪ್ಪಾಯ್ತು, ಒಪ್ಪಿದೆ. ಆದ್ರೆ ಅಲ್ಲಿ ಅಲಾರಾಂ ಕೇಳದೆ ಎಂತದಾದ್ರೂ ಆಗಿದ್ರೆ? ಭಾವನ ಜೀವ, ಬೇರೆಯವರ ಜೀವ. ಒಂದು ಲೆಕ್ಕದಲ್ಲಿ ಆದದ್ದು ಒಳ್ಳೇದೇ ಅಲ್ವಾ?"

ಅಕ್ಕ ಅಳಲಿಲ್ಲ. "ಅವರು ಮಿಷಿನ್ ಹತ್ರ ಹೋಗದೆ ವರ್ಷ ಆಯ್ತು," ಎಂದಳು. "ಫೋರ್ಮನ್ ಹತ್ರ ಹೇಳಿ ಟೂಲ್ ಸ್ಟೋರಿಗೆ ಹಾಕಿಸಿಕೊಂಡಿದ್ರು. ಅಲ್ಲಿ ಅಲಾರಾಮಿಗೆ ಲೈಟ್ ಉಂಟು, ಕೆಂಪಗೆ ತಿರುಗ್ತದೆ. ಮಗಳ ಪರೀಕ್ಷೆ ಮುಗಿದ ದಿನ ತಾನೇ ರಾಜೀನಾಮೆ ಕೊಡ್ತೇನೆ ಅಂತ ಕಾಗದ ಬರೆದು ಇಟ್ಟಿದ್ದಾರೆ. ಕಪಾಟಿನಲ್ಲುಂಟು, ಬಂದು ಓದು. ಎರಡೇ ತಿಂಗಳು ಇದ್ದದ್ದು. ನೀನು ಯಾರ ಜೀವ ಉಳಿಸಿದ್ದು, ಹೇಳು?"

ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಆ ಹೊಸ ಪ್ಲೇಟು ಯಾಕೆ ತರಿಸಿದ್ದು ಗೊತ್ತುಂಟಾ? ಹೊಸದ್ರಲ್ಲಿ ಸ್ವರ ತುಂಬ ಸ್ಪಷ್ಟ ಉಂಟಂತೆ, ಸ್ವಲ್ಪವಾದ್ರೂ ಕೇಳಬಹುದು ಅಂತ. ಮಗುವಿನ ಹಾಗೆ ಕಾದಿದ್ರು ಮಾರಾಯ."

ಮಗಳು ಪರೀಕ್ಷೆ ಮುಗಿಯುವವರೆಗೆ ಕರಾಮದಲ್ಲಿ ನನ್ನ ಮನೆಯಲ್ಲಿರಲಿ, ವೀಸಾದ ಓಡಾಟ ನಾನು ಮಾಡುತ್ತೇನೆ ಎಂದು ಹೇಳಿ ನೋಡಿದೆ. ಅಕ್ಕ ಫೋನನ್ನು ಮಗಳ ಕೈಗೆ ಕೊಟ್ಟಳು. "ನೋ ಥ್ಯಾಂಕ್ಸ್," ಎಂದಳು ಅವಳು. "ಐ ವಿಲ್ ಲೂಸ್ ದ ಇಯರ್." ಮಾಮ ಎಂಬ ಶಬ್ದ ಅದರಲ್ಲಿ ಇರಲಿಲ್ಲ.

ಹೊರಡುವ ದಿನ ಯಾರೂ ಕರೆಯದೆ ಹೋದೆ. ಮನೆ ಬರಿದಾಗಿತ್ತು. ಹಾಲಿನ ನೆಲದ ಮೇಲೆ ರೆಕಾರ್ಡ್ ಪ್ಲೇಯರು ಮಾತ್ರ ಇನ್ನೂ ಕಟ್ಟದೆ ಉಳಿದಿತ್ತು, ಪಕ್ಕದಲ್ಲಿ ಭಾವ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಎದುರಿನ ನೆಲ ತಟ್ಟಿ ಕೂರು ಎಂದರು. ಕನ್ನಡಕ ಹಾಕಿಕೊಂಡು ಸಂಖ್ಯೆ ನೋಡಿ, ಕೆಂಪು ಪ್ಲೇಟಿನ ಹಿಂಬದಿ ಮೇಲೆ ಮಾಡಿ ಸೂಜಿ ಇಳಿಸಿದರು.

"ಎರಡನೇದು. ಈ ಸಲ ಸರಿ ಉಂಟಲ್ಲ?"

"ಸರಿ ಉಂಟು ಭಾವ."

"ನಂಗೆ ಏನೂ ಬರ್ತಾ ಇಲ್ಲ. ನಿನ್ನ ಕಿವಿ ಒಳ್ಳೇದುಂಟು. ಹೇಳು, ಆ ಕೊಳಲು ಹೊಸದ್ರಲ್ಲಿ ಹೇಗೆ ಕೇಳ್ತದೆ?"

ನನ್ನ ತುಟಿಯನ್ನೇ ನೋಡುತ್ತ ಕೂತರು. ನಾನು ಕಿವಿಗೊಟ್ಟೆ. ಜೀವಮಾನದಲ್ಲಿ ಮೊದಲ ಸಲ ಆ ದರಿದ್ರ ರೆಕಾರ್ಡಿಗೆ ಕಿವಿಗೊಟ್ಟೆ. ಕೊಳಲು ಇತ್ತು. ಕೊಳಲಿನ ಹಾಗೆ ಇತ್ತು.

"ಚೆನ್ನಾಗುಂಟು ಭಾವ."

"ಮತ್ತೆ?"

"ಮೆಲ್ಲ ಉಂಟು. ಈಗ ಸ್ವಲ್ಪ ಜೋರಾಯ್ತು."

"ಮತ್ತೆ? ಹಕ್ಕಿ ಬಂತಾ?"

ಹಕ್ಕಿ ಯಾವುದು, ಕೊಳಲು ಯಾವುದು ಎಂದು ನನಗೆ ಗೊತ್ತಾಗಲಿಲ್ಲ. "ಬಂದಿರ್ಬೇಕು," ಎಂದೆ. ಭಾವ ತಾವೇ ಸೂಜಿ ಎತ್ತಿ, ಪ್ಲೇಟನ್ನು ಕವರಿಗೆ ಹಾಕಿ, ನನ್ನ ಮಡಿಲಲ್ಲಿ ಇಟ್ಟರು.

"ಸಾಕು ಬಿಡು. ನೀನು ಹೇಳಿದ್ದು ಕೇಳುವುದಕ್ಕಿಂತ ಏನೂ ಕೇಳದೆ ಇರುವುದೇ ವಾಸಿ."

ಕೆಳಗೆ ಟ್ಯಾಕ್ಸಿ ಬಂದಿತ್ತು. ಭಾವ, ಮಗಳು ಲಿಫ್ಟಿನತ್ತ ಹೋದರು. ಅಕ್ಕ ಕೊನೆಯ ದೀಪ ಆರಿಸಿ, ಬಾಗಿಲೆಳೆದು, ಬೀಗದ ಕೈ ನನ್ನ ಕೈಗಿಟ್ಟಳು, ಕಟ್ಟಡದ ವಾಚ್‌ಮನ್‌ಗೆ ಕೊಡಲು. ಹೋಗುತ್ತ ಹೋಗುತ್ತ, ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವ ಸ್ವರದಲ್ಲಿಯೇ ಹೇಳಿದಳು.

"ಇವಳ ಧಾರೆಗೆ ದೊಡ್ಡಮ್ಮನ ಮಗನನ್ನು ನಿಲ್ಲಿಸ್ತೇವೆ. ನೀನು ಬರ್ಬೇಡ."

ನಾನು ಮೆಟ್ಟಿಲಿಳಿದು ಹೋಗಿ ಬೀಗದ ಕೈ ಕೊಟ್ಟೆ. ರೆಕಾರ್ಡು ನನ್ನ ಕಂಕುಳಲ್ಲೇ ಉಳಿಯಿತು. ಕರಾಮದ ಮನೆಯಲ್ಲಿ ಅದನ್ನು ಹಾಕಲು ಪ್ಲೇಯರಿಲ್ಲ.